ಆಸ್ಪತ್ರೆ ಸುತ್ತು

ಆಫೀಸಿನಲ್ಲಿ ಅವನನ್ನು ಎಲ್ಲರೂ ‘ಹನ್ನೊಂದು ನಿಮಿಷ’ ಎಂದೇ ಕರೆಯುತ್ತಿದ್ದರು. ಮೊದಮೊದಲು ಹೊಗಳಿಕೆಗೆ, ಆಮೇಲೆ ಅಭ್ಯಾಸಕ್ಕೆ. ಕೊನೆಗೆ ಅವನ ಎದುರಿಗೆ ಆ ಹೆಸರು ಎತ್ತುವ ಧೈರ್ಯ ಯಾರಿಗೂ ಉಳಿಯಲಿಲ್ಲ. ಹೆಸರು ಬಂದದ್ದು ಹೇಗೆ, ಹೋದದ್ದು ಹೇಗೆ ಎನ್ನುವುದಷ್ಟೇ ಈ ಕಥೆ.

ಊರಿನ ಬಸ್ಸುಗಳ ದಾರಿಯನ್ನೂ ವೇಳೆಯನ್ನೂ ಗೊತ್ತುಮಾಡುವ ವಿಭಾಗ ಮುಖ್ಯ ಕಚೇರಿಯ ಮೂರನೇ ಮಹಡಿಯಲ್ಲಿತ್ತು. ಮೂರು ಮೇಜು, ಕಿರುಗುಟ್ಟುವ ಒಂದು ಫ್ಯಾನು, ಗೋಡೆ ತುಂಬ ಊರಿನ ನಕ್ಷೆ. ನಕ್ಷೆಯ ಮೇಲೆ ಒಂದೊಂದು ರೂಟಿಗೆ ಒಂದೊಂದು ಬಣ್ಣದ ನೂಲು, ನಿಲ್ದಾಣಕ್ಕೊಂದು ಗುಂಡುಪಿನ್ನು. ಜನ ಎಲ್ಲಿ ಬಿಸಿಲಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಂತು ಶಾಪ ಹಾಕಬೇಕು ಎನ್ನುವುದು ಆ ಮೂರು ಮೇಜಿನ ಮೇಲೆ ತೀರ್ಮಾನವಾಗುತ್ತಿತ್ತು. ಅದರಲ್ಲಿ ಕಿಟಕಿ ಪಕ್ಕದ ಮೇಜು ಅವನದು.

ಓದು ಮುಗಿಸಿ ನೇರವಾಗಿ ಕುರ್ಚಿಗೆ ಬಂದವನಲ್ಲ ಅವನು. ಹದಿನಾಲ್ಕನೇ ನಂಬರಿನ ಬಸ್ಸಿನಲ್ಲಿ ಹನ್ನೆರಡು ವರ್ಷ ಕಂಡಕ್ಟರಾಗಿ ನಿಂತು, ಸೊಂಟ ಹಿಡಿದುಕೊಂಡ ಮೇಲೆ ಇಲಾಖೆಯ ಪರೀಕ್ಷೆ ಕಟ್ಟಿ ಮೇಲೆ ಬಂದವನು. ಆ ಬಸ್ಸಿನ ಡ್ರೈವರ್ ಬೇರೆ ಯಾರೂ ಅಲ್ಲ, ಅವನ ಭಾವ. ಅಪ್ಪ ಅಮ್ಮ ಬೇಗನೆ ಹೋದ ಮನೆ; ಸಾಕಿದವಳು ಅಕ್ಕ. ಮದುವೆಯಾಗಿ ಹೋಗುವಾಗ ತಮ್ಮನ ಕೈಯನ್ನೂ ಹಿಡಿದುಕೊಂಡೇ ಹೋದಳು. ಬೇರೆ ಗಂಡಸಾಗಿದ್ದರೆ ಮುಖ ಗಂಟು ಹಾಕುತ್ತಿದ್ದನೋ ಏನೋ. ಭಾವ ಮಾತ್ರ, “ಒಂದು ಟಿಕೆಟ್ ಕೇಳಿದ್ರೆ ಎರಡು ಸೀಟು ಕೊಟ್ರಲ್ಲಪ್ಪ” ಎಂದು ನಗಾಡಿಬಿಟ್ಟ. ಹುಡುಗ ಬೆಳೆದ ಮೇಲೆ ತಾನೇ ಡಿಪೋಗೆ ಕರೆದುಕೊಂಡು ಹೋಗಿ ಕೆಲಸಕ್ಕೆ ಸೇರಿಸಿದ. ಮುಂದಿನ ಸೀಟಿನಲ್ಲಿ ಭಾವ, ಹಿಂದಿನ ಬಾಗಿಲಲ್ಲಿ ಭಾವಮೈದ, ಹೀಗೆ ಹನ್ನೆರಡು ವರ್ಷ.

ಭಾವನಿಗೆ ಹೊತ್ತು ಅಂದರೆ ಪ್ರಾಣ. ಯಾರದೋ ಗಾಡಿ ಅಡ್ಡ ನಿಂತು ಬಸ್ಸು ತಡವಾದರೂ ತಾನೇ ತಪ್ಪು ಮಾಡಿದವನ ಹಾಗೆ ಮನೆಗೆ ಬರುತ್ತಿದ್ದ. ತಟ್ಟೆಯ ಮುಂದೆ ಕುಳಿತು, “ಇವತ್ತು ಎರಡು ನಿಮಿಷ ಲೇಟು ಕಣೇ” ಎನ್ನುತ್ತಿದ್ದ, ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ. ಅಕ್ಕ, “ಪರವಾಗಿಲ್ಲ ಬಿಡಿ, ನಾಳೆ ಸರಿಹೋಗುತ್ತೆ” ಎಂದು ಸಮಾಧಾನ ಮಾಡಿದ ಮೇಲೇ ತುತ್ತು ಬಾಯಿಗೆ ಹೋಗುತ್ತಿತ್ತು.

ನಿವೃತ್ತಿಯಾದ ವರ್ಷವೇ ಭಾವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಬೆಳಿಗ್ಗೆ ಹೋದವು. ದೀರ್ಘಕಾಲದ ರೋಗಿಗಳ ಆಸ್ಪತ್ರೆಗೆ ಸೇರಿಸಬೇಕಾಯಿತು. ಅದು ದೊಡ್ಡ ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಏರು ಹತ್ತಿದ ಮೇಲೆ. ಮನೆಯವರನ್ನು ಒಳಗೆ ಬಿಡುವುದು ದಿನಕ್ಕೆ ಒಂದೇ ಗಂಟೆ, ನಾಲ್ಕರಿಂದ ಐದು. ಹದಿನಾಲ್ಕನೇ ನಂಬರು ದೊಡ್ಡ ರಸ್ತೆ ಬಿಟ್ಟು, ಆ ಏರು ಹತ್ತಿ, ವಾರ್ಡಿನ ಕಿಟಕಿಗಳ ಕೆಳಗೇ ತಿರುಗಿಕೊಂಡು ಮತ್ತೆ ಇಳಿಯುತ್ತಿತ್ತು. ಡಿಪೋದವರ ಬಾಯಲ್ಲಿ ಅದಕ್ಕೆ ‘ಆಸ್ಪತ್ರೆ ಸುತ್ತು’ ಎಂದು ಹೆಸರು.

“ಬಸ್ಸಲ್ಲಿ ನೇತಾಡಬೇಡ ಅಕ್ಕ” ಎಂದು ತಮ್ಮ ಒಬ್ಬ ಆಟೋದವನನ್ನು ಗೊತ್ತುಮಾಡಿಕೊಟ್ಟ. ಅಕ್ಕ ಹೂಂ ಅಂದಳು. ಅಲ್ಲಿಗೆ ತನ್ನ ಕರ್ತವ್ಯ ಮುಗಿಯಿತು ಎಂದುಕೊಂಡ ಅವನು, ಭಾನುವಾರಕ್ಕೊಮ್ಮೆ ಸ್ಕೂಟರಿನಲ್ಲಿ ಹೋಗಿ ಭಾವನ ಮುಖ ನೋಡಿ ಬರುತ್ತಿದ್ದ. ಆಟೋ ನಿಜವಾಗಿಯೂ ಬರುತ್ತಿದೆಯೇ ಎಂದು ಕೇಳಲಿಲ್ಲ. ನಾವೆಲ್ಲ ಹಾಗೇ ಅಲ್ಲವೇ, ವ್ಯವಸ್ಥೆ ಮಾಡಿಬಿಟ್ಟರೆ ಪ್ರೀತಿ ಮಾಡಿದಷ್ಟೇ ತೃಪ್ತಿ.

ಹೀಗೆ ಎರಡು ವರ್ಷ ಕಳೆಯುವಷ್ಟರಲ್ಲಿ ಹದಿನಾಲ್ಕನೇ ನಂಬರಿನ ಮೇಲೆ ದೂರುಗಳ ಸುರಿಮಳೆ. ಒಂದು ದಿನವೂ ಹೊತ್ತಿಗೆ ಬರುವುದಿಲ್ಲ, ಬಂದರೆ ಎರಡು ಒಟ್ಟಿಗೇ ಬರುತ್ತವೆ. ಮೇಲಧಿಕಾರಿ ಅವನನ್ನು ಕರೆಸಿ, “ಹದಿನಾಲ್ಕನ್ನ ಟೈಮಿಗೆ ತನ್ನಿ. ಆಗಲ್ಲ ಅಂದ್ರೆ ನಿಲ್ಲಿಸೇ ಬಿಡೋಣ” ಎಂದರು. ಭಾವನ ಬಸ್ಸನ್ನು ನಿಲ್ಲಿಸುವುದೇ! ಅವನು ಟೊಂಕ ಕಟ್ಟಿದ. ಮೂರು ತಿಂಗಳ ಟಿಕೆಟ್ ಮೆಷಿನ್ನುಗಳ ಪಟ್ಟಿ ತರಿಸಿಕೊಂಡು ನಿಲ್ದಾಣ ನಿಲ್ದಾಣವಾಗಿ ಜಾಲಾಡಿದ. ಆಸ್ಪತ್ರೆ ನಿಲ್ದಾಣದ ಮುಂದೆ ಬಂದಾಗ ಕಣ್ಣರಳಿತು. ಅಲ್ಲಿ ಹತ್ತುವವರು ದಿನಕ್ಕೆ ಇಬ್ಬರು. ಆ ಇಬ್ಬರಿಗಾಗಿ ಬಸ್ಸು ಪ್ರತಿ ಟ್ರಿಪ್ಪಿನಲ್ಲೂ ಹನ್ನೊಂದು ನಿಮಿಷ ಕಳೆಯುತ್ತಿತ್ತು. ಇನ್ನೊಂದು ತಮಾಷೆ ಎಂದರೆ, ಕೊನೆಯ ನಿಲ್ದಾಣದಲ್ಲಿ ಪಾಸಿನವರೇ ದಿನಕ್ಕೆ ಮುನ್ನೂರು ಜನ ಹತ್ತುತ್ತಾರೆ ಎಂದು ಪಟ್ಟಿ ಹೇಳುತ್ತಿತ್ತು. ‘ಪಾಪ, ಇಷ್ಟು ಜನ ಎಲ್ಲಿ ಕೂರಬೇಕು’ ಎಂದು ಅಲ್ಲೊಂದು ದೊಡ್ಡ ತಂಗುದಾಣ ಕಟ್ಟಿಸಲು ಬರೆದ.

ನಿಲ್ದಾಣ ತೆಗೆಯುವ ಮೊದಲು ಮೂರು ದಿನ ಅಲ್ಲೇ ನಿಂತು ತಲೆ ಎಣಿಸಬೇಕು ಎಂದು ನಿಯಮವಿತ್ತು, ಅದಕ್ಕೊಂದು ಫಾರಮ್ಮೂ ಇತ್ತು. ಪಕ್ಕದ ಮೇಜಿನ ಗುಮಾಸ್ತೆ ಅದನ್ನು ನೆನಪಿಸಿದಾಗ ಅವನು ನಕ್ಕ.

“ಆ ದಾರೀಲಿ ಹನ್ನೆರಡು ವರ್ಷ ಸೀಟಿ ಊದಿದೋನು ನಾನು. ಅಲ್ಲಿನ ಗುಂಡಿಗಳಿಗೂ ನನ್ನ ಪರಿಚಯ ಇದೆ. ನಾನು ಹೋಗಿ ನಿಂತು ನೋಡಬೇಕಾ?”

ಕುಳಿತಲ್ಲೇ ಫಾರಮ್ಮು ತುಂಬಿದ. ಇಬ್ಬರು, ಇಬ್ಬರು, ಮೂರನೇ ದಿನ ಒಬ್ಬರು. ದೀಪದ ಬುಡದಲ್ಲೇ ಕತ್ತಲೆ ಎಂದು ದೊಡ್ಡವರು ಸುಮ್ಮನೆ ಹೇಳಿದ್ದಲ್ಲ.

ಸುತ್ತು ಹೋಯಿತು. ಹದಿನಾಲ್ಕು ಹೊತ್ತಿಗೆ ಸರಿಯಾಗಿ ಓಡತೊಡಗಿತು. ದೂರಿನ ಕಡತ ತೆಳ್ಳಗಾಯಿತು. ಮೇಲಧಿಕಾರಿ ಎಲ್ಲರೆದುರು ಬೆನ್ನು ತಟ್ಟಿ, “ಇವರನ್ನ ಇನ್ಮೇಲೆ ಹನ್ನೊಂದು ನಿಮಿಷ ಅಂತಲೇ ಕರೀರಿ” ಎಂದರು. ಅವತ್ತು ಅವನ ಕಾಲು ನೆಲಕ್ಕೆ ತಾಗಲಿಲ್ಲ. ಹೊಸ ನಕ್ಷೆಯ ಒಂದು ಪ್ರತಿ ಸುರುಳಿ ಸುತ್ತಿಕೊಂಡು ನೇರ ಅಕ್ಕನ ಮನೆಗೆ ಹೋದ. ಹಾಸಿಗೆಯ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು ತೋರಿಸಿದ.

“ನೋಡಕ್ಕ, ಭಾವನ ರೂಟು. ಗೆರೆ ಎಷ್ಟು ನೆಟ್ಟಗಾಗಿದೆ ನೋಡು.”

ಅಕ್ಕ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಬೆರಳು ಒಂದು ಜಾಗದಲ್ಲಿ ನಿಂತಿತು.

“ಇಲ್ಲೊಂದು ಸುತ್ತು ಇತ್ತಲ್ವೇನೋ?”

“ಅದೇ ಅಕ್ಕ ಪೀಡೆ. ತೆಗೆದು ಬಿಸಾಕಿದೆ. ದಿನಕ್ಕೆ ಇಬ್ಬರು ಹತ್ತೋರು, ಅಷ್ಟೇ.”

“ಇಬ್ಬರೇನಾ?”

“ಮೆಷಿನ್ ಸುಳ್ಳು ಹೇಳುತ್ತಾ?”

“ಅದೂ ಸರೀನೇ” ಎಂದಳು ಅಕ್ಕ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. “ಚೆನ್ನಾಗಿದೆ ಕಣೋ. ನಿಮ್ಮ ಭಾವ ನೋಡಿದ್ರೆ ಖುಷಿಪಡ್ತಿದ್ರು.”

ಆ ಮೇಲೆ ಎರಡು ತಿಂಗಳು ಅವನಿಗೆ ಪುರುಸೊತ್ತಿಲ್ಲ. ಗೆದ್ದ ಎತ್ತಿಗೇ ಹೊರೆ ಜಾಸ್ತಿ; ಇನ್ನೂ ಮೂರು ರೂಟು ಅವನ ಹೆಗಲಿಗೆ ಬಿದ್ದವು. ಭಾನುವಾರಗಳೂ ಆಫೀಸಿನ ಪಾಲಾದವು. ಅಷ್ಟರಲ್ಲಿ ಒಂದೇ ಒಂದು ಸಲ ಆಸ್ಪತ್ರೆಗೆ ಹೋಗಿದ್ದ. ಭಾವ ಬಡಕಲಾಗಿದ್ದ. ಇವನನ್ನು ಕಂಡದ್ದೇ ಎಡಗೈ ಎತ್ತಿ, ಗಾಳಿಯಲ್ಲಿ ಸ್ಟೀರಿಂಗ್ ತಿರುಗಿಸಿದ ಹಾಗೆ ಮಾಡಿ, ಕಿಟಕಿಯ ಕಡೆ ತೋರಿಸಿದ. ಮತ್ತೆ ತಿರುಗಿಸಿದ, ಮತ್ತೆ ತೋರಿಸಿದ. ಹಳೆಯ ದಿನಗಳ ನೆನಪು ಎಂದುಕೊಂಡ ಇವನು ಆ ಕೈ ಹಿಡಿದುಕೊಂಡು, “ಹದಿನಾಲ್ಕು ಈಗ ಒಂದು ನಿಮಿಷಾನೂ ಲೇಟಿಲ್ಲ ಭಾವ. ನಾನೇ ಸರಿ ಮಾಡಿದೆ” ಎಂದ. ಭಾವ ಅವನ ಮುಖವನ್ನೇ ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡ.

ಒಂದು ಬುಧವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಆಸ್ಪತ್ರೆಯಿಂದ ಫೋನು ಬಂತು. ಅಕ್ಕ ಮೊಬೈಲು ಇಟ್ಟುಕೊಂಡವಳಲ್ಲ, ಆಸ್ಪತ್ರೆಯವರ ಹತ್ತಿರ ಇದ್ದದ್ದು ಅವನ ನಂಬರು. ಐದು ನಿಮಿಷದ ಹಿಂದೆ ಭಾವ ತೀರಿಕೊಂಡಿದ್ದ. ಅಕ್ಕ ಆಗಲೇ ಅಲ್ಲಿರುತ್ತಾಳೆ, ಒಬ್ಬಳೇ ಇದ್ದಾಳೆ ಎಂದುಕೊಂಡು ಅವನು ಸ್ಕೂಟರು ಓಡಿಸಿದ. ದೊಡ್ಡ ರಸ್ತೆ ಬಿಟ್ಟು ಏರು ಹತ್ತಿ ಅರ್ಧ ದಾರಿಗೆ ಬಂದಾಗ, ಮೋರಿಯ ಕಟ್ಟೆಯ ಮೇಲೆ ಯಾರೋ ಹೆಂಗಸು ಕುಳಿತಿದ್ದದ್ದು ಕಾಣಿಸಿತು. ಚಪ್ಪಲಿ ಬಿಟ್ಟು ಮಂಡಿ ನೀವಿಕೊಳ್ಳುತ್ತಿದ್ದಳು, ತೊಡೆಯ ಮೇಲೊಂದು ಬಟ್ಟೆಯ ಚೀಲ. ದಾಟಿ ಹೋದವನಿಗೆ ಆ ಚೀಲದ ಗುರುತು ಹತ್ತಿತು.

“ಅಕ್ಕಾ?”

ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ ಎದ್ದು ನಿಂತಳು ಅಕ್ಕ.

“ಅದೂ… ಆಟೋ ಕೆಟ್ಟುಹೋಯ್ತು ಕಣೋ, ಅಲ್ಲೇ ಕೆಳಗೆ. ನೀನೇನು ಇಷ್ಟೊತ್ತಲ್ಲಿ, ಆಫೀಸಿಲ್ವಾ?”

ಅವನು ಗಾಡಿಯನ್ನು ಅವಳ ಹತ್ತಿರಕ್ಕೆ ತಂದ. “ಕೂತ್ಕೋ ಅಕ್ಕ” ಎಂದಷ್ಟೇ ಹೇಳಿದ. ಅಕ್ಕ ಚೀಲ ಎದೆಗವಚಿಕೊಂಡು ಹಿಂದೆ ಕುಳಿತಳು. ಗಾಡಿ ಏರು ಹತ್ತುತ್ತಿದ್ದಂತೆ ಅವನ ಭುಜದ ಹತ್ತಿರ ಬಾಗಿ, “ದೇವರು ಬಂದ ಹಾಗೆ ಬಂದೆ ನೋಡು. ಇವತ್ತು ಮುಕ್ಕಾಲು ಗಂಟೆ ಹತ್ರ ಸಿಗುತ್ತೆ” ಎಂದಳು. ದನಿಯಲ್ಲಿ ಸಂತೋಷವಿತ್ತು. ಗೇಟಿನಲ್ಲಿ ಅವನು ಗಾಡಿ ನಿಲ್ಲಿಸಿ, ಇಳಿದು, ಅಕ್ಕನ ಎರಡೂ ಕೈ ಹಿಡಿದುಕೊಂಡು ಹೇಳಿದ.

ಅಕ್ಕ ಅಳಲಿಲ್ಲ. ಚೀಲದೊಳಗೆ ಕೈ ಹಾಕಿ ಡಬ್ಬಿ ಮುಟ್ಟಿ ನೋಡಿದಳು.

“ಇನ್ನೂ ಬಿಸಿ ಇದೆಯಲ್ಲೋ” ಎಂದಳು.

ವಾರ್ಡಿನಲ್ಲಿ ಅಕ್ಕ ಭಾವನ ಪಕ್ಕ ಕುಳಿತಿದ್ದಾಗ, ನರ್ಸಮ್ಮ ಅವನನ್ನು ಕಾಗದಗಳಿಗೆ ಸಹಿ ಹಾಕಿಸಲು ಆಚೆ ಕರೆದಳು. ವಯಸ್ಸಾದ, ಮಾತಿನ ಹೆಂಗಸು. ಸಹಿ ಹಾಕುತ್ತಿರುವವನು ಯಾವ ಆಫೀಸಿನವನು ಎಂದು ಅವಳಿಗೆ ಗೊತ್ತಿರಲಿಲ್ಲ.

“ಇವತ್ತೂ ಕಿಟಕಿ ಕಡೆನೇ ನೋಡ್ತಿದ್ರು ಸಾರ್. ಬಸ್ಸು ಬರ್ತಿದ್ದಾಗ ಮೂರೂ ಐವತ್ತಾದ್ರೆ ಸಾಕು, ಸದ್ದು ಕೇಳಿ ಎಡಗೈ ಎತ್ತೋರು. ಅಮ್ಮ ಬಂದ ತಕ್ಷಣ ಅವತ್ತಿನ ಬಸ್ಸಿನ ಸಮಾಚಾರ ಎಲ್ಲ ಒಪ್ಪಿಸಬೇಕು. ಯಾರು ಡ್ರೈವರು, ಎಷ್ಟು ಲೇಟು, ಎಲ್ಲಿ ಜೋರಾಗಿ ಬ್ರೇಕ್ ಹಾಕಿದ. ಆಮೇಲೇ ಊಟ. ಬಸ್ಸು ನಿಂತ್ಮೇಲೆ ಅಮ್ಮ ನಡ್ಕೊಂಡು ಬರೋಷ್ಟರಲ್ಲಿ ಅರ್ಧ ಹೊತ್ತು ಮುಗಿದಿರೋದು. ಬೆವರು ಒರೆಸ್ಕೊಂಡು ‘ಬಸ್ಸು ಸರಿಯಾದ ಟೈಮಿಗೆ ಬಂತು ರೀ’ ಅನ್ನೋರು. ಅವ್ರಿಗೇನು ಕಿವಿ ಇಲ್ವಾ? ಗೋಡೆ ಕಡೆ ತಿರುಗಿಬಿಡೋರು. ಊಟಾನೂ ಅಷ್ಟಕ್ಕಷ್ಟೇ ಆಯ್ತು.” ಕಾಗದಗಳನ್ನು ಜೋಡಿಸಿಕೊಳ್ಳುತ್ತ ಕೇಳಿದಳು, “ಆ ಬಸ್ಸು ಯಾಕೆ ನಿಲ್ಲಿಸಿದ್ರು, ನಿಮಗೇನಾದ್ರೂ ಗೊತ್ತಾ?”

ಅವನು ಪೆನ್ನು ವಾಪಸು ಕೊಟ್ಟು ಹೊರಗೆ ಬಂದು ನಿಂತ.

ಎಲ್ಲ ಮುಗಿದ ನಾಲ್ಕನೇ ದಿನ ಹದಿನಾಲ್ಕನೇ ನಂಬರಿನ ಈಗಿನ ಕಂಡಕ್ಟರ್ ಅಕ್ಕನ ಮನೆಗೆ ಮಾತಾಡಿಸಲು ಬಂದ. ಭಾವನ ಕೈಕೆಳಗೆ ಪಳಗಿದವನು. ಹೊರಡುವಾಗ ಬಾಗಿಲ ಹೊರಗೆ ತಮ್ಮನೊಬ್ಬನೇ ಸಿಕ್ಕಿದ್ದರಿಂದ ಬಾಯಿ ಬಿಟ್ಟ.

“ಅಕ್ಕಾವ್ರು ಎರಡು ವರ್ಷ ದಿನಾ ನಮ್ಮ ಬಸ್ಸಲ್ಲೇ ಬರ್ತಿದ್ರು ಸಾರ್. ಸುತ್ತು ತೆಗೆದ ಮೇಲೆ ನಿಮಗೆ ಹೇಳೋಣ ಅಂದೆ. ‘ಬೇಡಪ್ಪ, ಅವನು ಇಷ್ಟು ಖುಷಿಯಾಗಿರೋದನ್ನ ನಾನು ನೋಡೇ ಇರಲಿಲ್ಲ’ ಅಂದ್ರು.”

“ಆದ್ರೆ ಮೆಷಿನ್ನಲ್ಲಿ ದಿನಕ್ಕೆ ಇಬ್ಬರೇ ಇದ್ರಲ್ಲಯ್ಯ!”

“ಟಿಕೆಟ್ಟಿನೋರು ಇಬ್ಬರೇ ಸಾರ್. ಮಿಕ್ಕೋರೆಲ್ಲ ಪಾಸು. ಮುದುಕರು, ಆಯಾಗಳು, ಕಸ ಗುಡಿಸೋರು, ಅಲ್ಲಿಗೆ ಹೋಗೋರು ಇನ್ಯಾರು?”

“ಪಾಸಿಗೂ ಬಟನ್ ಒತ್ತಬೇಕಲ್ವಾ?”

ಕಂಡಕ್ಟರ್ ಕಣ್ಣು ಕಿರಿದು ಮಾಡಿ ನೋಡಿದ, ಈ ಮನುಷ್ಯ ತಮಾಷೆ ಮಾಡುತ್ತಿದ್ದಾನೆಯೇ ಎನ್ನುವಂತೆ.

“ಒತ್ತುತೀವಿ ಸಾರ್. ಕೊನೇ ಸ್ಟಾಪಲ್ಲಿ, ಎಲ್ಲಾ ಒಟ್ಟಿಗೆ. ನೀವೇ ಅಲ್ವಾ ಹೇಳ್ಕೊಟ್ಟಿದ್ದು?”

ಅಂಗಳದಲ್ಲಿ ನಿಂತಿದ್ದವನಿಗೆ ಡಿಪೋದ ಆ ಬೆಳಿಗ್ಗೆ ಕಣ್ಣ ಮುಂದೆ ಬಂತು. ಹೊಸ ಮೆಷಿನ್ನುಗಳು ಬಂದ ವಾರ, ಅವನು ಕಂಡಕ್ಟರಾಗಿದ್ದ ಕೊನೆಯ ವರ್ಷ. ಒಂದೊಂದು ಪಾಸಿಗೂ ನಿಲ್ದಾಣದ ನಂಬರು, ಪಾಸಿನ ಬಗೆ ಎಲ್ಲ ಒತ್ತುತ್ತ ಕುಳಿತರೆ ನೂಕುನುಗ್ಗಲಲ್ಲಿ ಟಿಕೆಟ್ ಕೊಡುವವರು ಯಾರು? ಮೇಲಿನವರಿಗೆ ಬೇಕಿರುವುದು ಒಟ್ಟು ಮೊತ್ತ ತಾನೇ. ಬಾಯಲ್ಲೇ ಎಣಿಸಿಕೊಳ್ಳಿ, ಕೊನೆಗೆ ಒಟ್ಟಿಗೆ ಒತ್ತಿಬಿಡಿ ಎಂದು ಬೆಂಚಿನ ಮೇಲೆ ಹತ್ತಿ ನಿಂತು ಪಾಠ ಮಾಡಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಊರಿನ ಪಾಸಿನವರೆಲ್ಲ ಕೊನೆಯ ನಿಲ್ದಾಣದಲ್ಲೇ ಹತ್ತಲು ಶುರುಮಾಡಿದ್ದು ಅವತ್ತಿನಿಂದ. ಬಸ್ಸಿನೊಳಗೆ ಮಾಡಿದ ಉಪಾಯವನ್ನು ಮೇಜಿಗೆ ಬಂದು ಮರೆತಿದ್ದ. ತಾನು ಹೇಳಿಕೊಟ್ಟ ಸುಳ್ಳನ್ನು ಮೆಷಿನ್ನಿನ ಬಾಯಿಂದ ಕೇಳಿ ತಾನೇ ನಂಬಿದ್ದ.

ಒಳಗೆ ಹೋಗಿ ಅಕ್ಕನ ಮುಂದೆ ನೆಲದ ಮೇಲೆ ಕುಳಿತ.

“ಆಟೋ ಏನಾಯ್ತಕ್ಕ?”

“ಒಂದೇ ವಾರಕ್ಕೆ ಬೇಡ ಅಂದೆ. ಅವರು ಕೈ ತಿರುಗಿಸಿ ಕೇಳೋರು, ಬಸ್ಸಲ್ಲಿ ಬಂದ್ಯಾ ಅಂತ. ಆಟೋಲಿ ಬಂದ್ರೆ ಹೇಳೋಕೆ ಏನಿರುತ್ತೆ?”

“ನಕ್ಷೆ ತೋರಿಸಿದೆನಲ್ಲ, ಅವತ್ತಾದ್ರೂ ಹೇಳಬಾರದಾಗಿತ್ತಾ? ಎಷ್ಟು ಜನ ಬರ್ತಿದ್ರಿ ಆ ಬಸ್ಸಲ್ಲಿ?”

“ಹದಿನೈದು ಹದಿನಾರು ಜನ ಇರ್ತಿದ್ವಪ್ಪ. ನೀನು ಇಬ್ಬರು ಅಂದೆ. ಓದಿದೋನು, ಮೆಷಿನ್ ಬೇರೆ ಹೇಳ್ತಿದೆ ಅಂದೆ.” ಅಕ್ಕ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. “ಪಾಸಿನೋರನ್ನ ಲೆಕ್ಕಕ್ಕೆ ತಗೊಳಲ್ಲವೇನೋ ಅಂದ್ಕೊಂಡೆ.”

ಆಗ ಅತ್ತವನು ಅವನು. ಭಾವ ಹೋದಾಗ ಬಾರದ ಅಳು ಕಟ್ಟೆಯೊಡೆದು ಬಂತು. ಅಕ್ಕ ಅವನ ತಲೆಯ ಮೇಲೆ ಕೈಯಿಟ್ಟಳೇ ಹೊರತು, ಇರಲಿ ಬಿಡು ಎನ್ನಲಿಲ್ಲ. ಭಾವನ ಎರಡು ನಿಮಿಷಕ್ಕೆಲ್ಲ ಸಮಾಧಾನ ಹೇಳುತ್ತಿದ್ದವಳಿಗೆ ಇವನ ಹನ್ನೊಂದು ನಿಮಿಷಕ್ಕೆ ಹೇಳಲು ಏನೂ ಹೊಳೆಯಲಿಲ್ಲ.

ಮರುದಿನದಿಂದ ಮೂರು ದಿನ ಅವನು ರಜೆ ಹಾಕಿ, ಅಕ್ಕ ಕುಳಿತಿದ್ದ ಅದೇ ಮೋರಿಯ ಕಟ್ಟೆಯ ಮೇಲೆ ಕುಳಿತು, ಏರು ಹತ್ತುವವರನ್ನು ಎಣಿಸಿದ. ಹದಿನಾರು, ಹದಿನೈದು, ಹದಿನೆಂಟು. ಒಬ್ಬಾಕೆ ಅವನನ್ನೂ ದಣಿದವನೆಂದು ತಿಳಿದು ಕುಡಿಯಲು ನೀರು ಕೊಟ್ಟಳು. ನಡೆದದ್ದನ್ನೆಲ್ಲ, ಕುಳಿತಲ್ಲೇ ತುಂಬಿದ ಫಾರಮ್ಮಿನ ಸಮೇತ, ಒಂದೂ ಬಿಡದೆ ಬರೆದು ಮೇಲಧಿಕಾರಿಗೆ ಕೊಟ್ಟ.

ಅವರು ಓದಿ ಕನ್ನಡಕದ ಮೇಲಿಂದ ನೋಡಿದರು. “ನಿಮ್ಮ ಮನೆಯವರಿಗೋಸ್ಕರ ರೂಟು ತಿರುಗಿಸಬೇಕಾ?”

“ನಮ್ಮ ಮನೆಯವರು ಹೋಗಿಯಾಯ್ತು ಸಾರ್. ಇದು ಉಳಿದವರಿಗೆ.”

ಒಂದು ಮೆಮೊ ಸಿಕ್ಕಿತು, ಆ ವರ್ಷದ ಬಡ್ತಿ ಹೋಯಿತು. ಒಂದೂವರೆ ತಿಂಗಳ ಮೇಲೆ ಸುತ್ತು ವಾಪಸು ಬಂತು. ಪಾಸಿನವರು ಹತ್ತಿದಲ್ಲೇ ಬಟನ್ ಒತ್ತಬೇಕೆಂದು ಡಿಪೋಗಳಿಗೆಲ್ಲ ಆಜ್ಞೆ ಹೋಯಿತು. ಕಂಡಕ್ಟರುಗಳು ಅವನನ್ನು ಬಾಯಿತುಂಬ ಬೈದರು. ಕೊನೆಯ ನಿಲ್ದಾಣದ ಆ ದೊಡ್ಡ ತಂಗುದಾಣದಲ್ಲಿ ಇವತ್ತಿಗೂ ಒಂದು ನಾಯಿ ಬಿಟ್ಟರೆ ಯಾರೂ ಕೂರುವುದಿಲ್ಲ.

ಸುತ್ತು ಮತ್ತೆ ಶುರುವಾದ ದಿನ ಅಕ್ಕನನ್ನು ಬಾ ಎಂದು ಕರೆದ. “ಈಗ ಅಲ್ಲಿ ನನಗೇನಿದೆಯೋ” ಎಂದಳು. ಅವನು ಬಾಗಿಲಲ್ಲೇ ನಿಂತಿದ್ದ. ಸ್ವಲ್ಪ ಹೊತ್ತು ನೋಡಿ, ಒಳಗೆ ಹೋಗಿ ಪಾಸು ಹುಡುಕಿ ತಂದಳು. ಬಟ್ಟೆಯ ಚೀಲವೂ ಕೈಯಲ್ಲಿತ್ತು, ಖಾಲಿ. ಬಸ್ಸು ಹತ್ತಿದಾಗ ಕಂಡಕ್ಟರ್ ಪಾಸು ನೋಡಿ ಬಟನ್ ಒತ್ತಿದ. ಮೆಷಿನ್ ಕುಂಯ್ ಎಂದಿತು.

“ಅದೇನೋ ಸದ್ದು?”

“ನಿನ್ನನ್ನ ಎಣಿಸಿದ್ದು ಅಕ್ಕ.”

ಅಕ್ಕ ಕಿಟಕಿ ಪಕ್ಕ ಕುಳಿತಳು. ಬಸ್ಸು ದೊಡ್ಡ ರಸ್ತೆ ಬಿಟ್ಟು ಏರು ಹತ್ತಿತು. ಮೋರಿಯ ಕಟ್ಟೆ ಬಂತು, ಹೋಯಿತು. ಆಸ್ಪತ್ರೆ ನಿಲ್ದಾಣದಲ್ಲಿ ಹಳೆಯ ಜೊತೆಗಾರ್ತಿಯರು ಒಬ್ಬೊಬ್ಬರಾಗಿ ಇಳಿದರು. ಒಬ್ಬಿಬ್ಬರು ಅಕ್ಕನ ಭುಜ ಮುಟ್ಟಿ ಹೋದರು. ಅಕ್ಕ ಇಳಿಯಲಿಲ್ಲ. ಬಸ್ಸು ವಾರ್ಡಿನ ಕೆಳಗೆ ನಿಧಾನವಾಗಿ ತಿರುಗತೊಡಗಿದಾಗ ಅವಳು ಕತ್ತೆತ್ತಿ, ಭಾವನ ಹಾಸಿಗೆಯಿದ್ದ ಮೂರನೇ ಕಿಟಕಿಯನ್ನು ನೋಡಿದಳು. ಆಮೇಲೆ ಬಾಗಿ, ತಮ್ಮನ ಕೈ ಹಿಡಿದೆಳೆದು, ಅವನ ಗಡಿಯಾರ ನೋಡಿದಳು. ಮೂರು ಗಂಟೆ ಐವತ್ತೆರಡು ನಿಮಿಷ.

“ರೀ,” ಎಂದಳು ಕಿಟಕಿಯ ಕಡೆ ತಿರುಗಿ, ತೀರ ಮೆಲ್ಲಗೆ, “ಇವತ್ತು ಎರಡು ನಿಮಿಷ ಲೇಟು.”

ಅವನು ಕೈ ಬಿಡಿಸಿಕೊಳ್ಳಲಿಲ್ಲ. ಬಸ್ಸು ಸುತ್ತು ಮುಗಿಸಿ ಇಳಿಯತೊಡಗಿತು.